ಥಾರ್‌ನ ಸ್ಟೀರಿಯೋ: ಬದಲಿಸಬೇಕಾ, ಇಟ್ಟುಕೊಳ್ಳಬೇಕಾ?

2020ರಲ್ಲಿ ಬಂದ ಮಹೀಂದ್ರ ಥಾರ್‌ನ ಎಲ್‌ಎಕ್ಸ್ ಮಾಡೆಲ್‌ಗೆ ದಾರಿ ಮೂರು: ಕಂಪನಿ ಸೆಟ್ ಉಳಿಸಿಕೊಂಡು ಆಂಪ್ (ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ಹಾಕಿಸುವುದು, ಸೋನಿ, ಪಯೋನೀರ್‌ನಂಥ ಬ್ರ್ಯಾಂಡ್ ಸೆಟ್, ಇಲ್ಲವೇ ಅಗ್ಗದ ದೊಡ್ಡ ಆಂಡ್ರಾಯ್ಡ್ ಸ್ಕ್ರೀನ್.

ದುಡ್ಡಿಗೆ ಆಂಡ್ರಾಯ್ಡೇ ಹಗುರ, ಯೂಟ್ಯೂಬೂ ಓಡುತ್ತದೆ. ಆದರೆ ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಅಗ್ಗದ ಸೆಟ್ ಹ್ಯಾಂಗ್ ಆಗುವುದು ಮಾಮೂಲು. ಕೀ ತಿರುಗಿಸಿ ರಿವರ್ಸ್ ಹಾಕಿದರೆ ಸ್ಕ್ರೀನಲ್ಲಿ ಕ್ಯಾಮೆರಾ ಚಿತ್ರದ ಬದಲು ಇನ್ನೂ ಲೋಗೋನೇ ಸುತ್ತುತ್ತಿರುತ್ತದೆ!

ತೊಂದರೆ ಸದ್ದಿನದ್ದು ಮಾತ್ರ ಅಂತಿದ್ದರೆ ಸ್ಕ್ರೀನ್ ಮುಟ್ಟಬೇಡಿ. ಛಾವಣಿಯ ಸ್ಪೀಕರ್ ಬದಲಿಸಿ, ಆಂಪ್ ಸೇರಿಸಿ. ಕಂಪನಿಯ 7 ಇಂಚಿನ ಸ್ಕ್ರೀನ್ ತುಂತುರು ಮಳೆ ತಡೆಯುತ್ತದೆ, ಗಾಡಿ ಎಷ್ಟು ವಾಲಿದೆ ಅಂತಲೂ ತೋರಿಸುತ್ತದೆ. ಟಾಪ್ ತೆಗೆದು ಘಟ್ಟ ಸುತ್ತುವವರಿಗೆ ಇದು ಸುಮ್ನೆ ಬಿಡುವ ಸೌಲಭ್ಯ ಅಲ್ಲ, ಅಲ್ವಾ? ಹೊರಗಿನ ಸೆಟ್ ಹಾಕಿದರೆ ಸಾಮಾನ್ಯವಾಗಿ ಈ ಸೌಲಭ್ಯ ಹೋಗುತ್ತದೆ.

ಬ್ರ್ಯಾಂಡ್ ಸೆಟ್‌ಗೆ ಖರ್ಚು ಜಾಸ್ತಿ, ಸದ್ದು ಶುದ್ಧ. ಸ್ಟೀರಿಂಗ್ ಬಟನ್ ಕೆಲಸ ಮಾಡಲು ಕ್ಯಾನ್ ಅಡಾಪ್ಟರ್ (ಗಾಡಿಯ ಸಂಕೇತವನ್ನು ಹೊಸ ಸೆಟ್‌ಗೆ ಮುಟ್ಟಿಸುವ ಪುಟ್ಟ ಸಾಧನ) ಬೇಕು. ಹೆದ್ದಾರಿಯಲ್ಲೇ ಓಡಾಡುವ ಸಂಗೀತಪ್ರಿಯರಿಗೆ ನಾನು ಇದನ್ನೇ ಹೇಳುತ್ತೇನೆ. ನಿಮ್ಮದು ಎಲ್‌ಎಕ್ಸ್ ಅಲ್ಲ, ಸ್ಕ್ರೀನೇ ಇಲ್ಲದ ಮಾಡೆಲ್, ಬಜೆಟ್ಟೂ ಕಡಿಮೆ ಅಂದರೆ ಆಂಡ್ರಾಯ್ಡ್ ನಡೆಯುತ್ತದೆ.

ಯಾವುದೇ ಇರಲಿ, ವೈರ್ ಕತ್ತರಿಸಲು ಬಿಡಬೇಡಿ. ಕಪ್ಲರ್ (ಕತ್ತರಿಸದೆ ವೈರ್ ಜೋಡಿಸುವ ಪ್ಲಗ್) ಹಾಕಿಸಿ. ಕತ್ತರಿಸಿದರೆ ವಾರಂಟಿ ತಕರಾರು ಶುರು.