ಹಾಲಿನ ಆಡುಗಳಿಗೆ ಯಾವ ಹೊಟ್ಟು ಮೇಲು? ತೊಗರಿ, ಕಡಲೆ, ಶೇಂಗಾ ಮತ್ತು ಜೋಳದ ಹೋಲಿಕೆ

ಕಲಬುರಗಿ ಸೀಮೆಯಲ್ಲಿ ರಾಶಿ ಮುಗಿದ ಮೇಲೆ ಕಣದಲ್ಲಿ ಉಳಿಯುವ ಮೇವನ್ನೇ ನಂಬಿ ಆಡು ಸಾಕುವವರು ಮೊದಲು ವಿಚಾರಿಸುವುದು ಬೆಲೆಯನ್ನು. ನಮ್ಮ ಕೊಟ್ಟಿಗೆಯ ಉಸ್ಮಾನಾಬಾದಿ ತಳಿಯ ಆಡುಗಳಿಗೆ ತೊಗರಿ ಹೊಟ್ಟು, ಕಡಲೆ ಹೊಟ್ಟು, ಶೇಂಗಾ ಬಳ್ಳಿ ಮತ್ತು ಜೋಳದ ಕಣಿಕೆಗಳನ್ನು ಆಯಾ ಸುಗ್ಗಿಯಲ್ಲಿ ಮುಖ್ಯ ಮೇವಾಗಿ ಕೊಟ್ಟು ನೋಡಿದ್ದೇನೆ. ಸಂಜೆ ಗೋದಲಿಯಲ್ಲಿ ಎಷ್ಟು ಉಳಿಯಿತೆಂಬುದನ್ನು ತೂಗಿ ನೋಡದೆ ಬೆಲೆಯನ್ನಷ್ಟೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. 35 ಕಿಲೋ ತೂಕದ ಹಾಲಿನ ಆಡಿಗೆ ದಿನಕ್ಕೆ ಸುಮಾರು ಒಂದೂವರೆ ಕಿಲೋ ಒಣ ಪದಾರ್ಥ (ನೀರಿನಂಶ ಕಳೆದು ಉಳಿಯುವ ಮೇವು) ಹೊಟ್ಟೆಗೆ ಹೋಗಬೇಕು. ಗೋದಲಿಯಲ್ಲೇ ಬಿದ್ದುಳಿದ ಮೇವು ಹಾಲಾಗುವುದಿಲ್ಲ.

ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತ ಈ ಜಿಲ್ಲೆಯಲ್ಲಿ, ಡಿಸೆಂಬರ್ ಮತ್ತು ಜನವರಿಯಲ್ಲಿ ತೊಗರಿ ಹೊಟ್ಟಿಗೆ ಬರವಿಲ್ಲ. ಆದರೆ ಎಲ್ಲ ಹೊಟ್ಟೂ ಒಂದೇ ಅಲ್ಲ. ಎಲೆ ಮತ್ತು ಕಾಯಿಸಿಪ್ಪೆ ಹೆಚ್ಚಿರುವ ಹೊಟ್ಟನ್ನು ಆಡು ಆಸೆಪಟ್ಟು ತಿನ್ನುತ್ತದೆ. ಯಂತ್ರದಲ್ಲಿ ಕಟ್ಟಿಗೆಯೂ ಪುಡಿಯಾಗಿ ಬೆರೆತಿದ್ದರೆ ತುಟಿಯಿಂದ ಒಂದೊಂದೇ ಎಲೆಯನ್ನು ಆರಿಸಿ ತೆಗೆದು, ಬೆರಳುದ್ದದ ಕಡ್ಡಿಗಳನ್ನೆಲ್ಲ ಪಕ್ಕಕ್ಕೆ ಸರಿಸಿಬಿಡುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಚೀಲದ ತಳದಿಂದ ಒಂದು ಹಿಡಿ ತೆಗೆದು ಹರಡಿ ನೋಡಬೇಕು, ಏಕೆಂದರೆ ಮೇಲಿನ ಪದರ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಎಲೆಯುಳ್ಳ ತೊಗರಿ ಹೊಟ್ಟಿಗೆ ಬೇಳೆ ಗಿರಣಿಯ ಚುನಿಯನ್ನು, ಅಂದರೆ ಬೇಳೆ ಒಡೆಯುವಾಗ ಉಳಿಯುವ ಸಿಪ್ಪೆ ನುಚ್ಚನ್ನು, ಆಡೊಂದಕ್ಕೆ ದಿನಕ್ಕೆ 200ರಿಂದ 300 ಗ್ರಾಂನಷ್ಟು ನೆನೆಸಿ, ಖನಿಜ ಮಿಶ್ರಣದೊಡನೆ ಬೆರೆಸಿ ಕೊಟ್ಟ ತಿಂಗಳುಗಳಲ್ಲಿ ನಮ್ಮಲ್ಲಿ ಹಾಲು ಏರಿಳಿತವಿಲ್ಲದೆ ಬಂದಿದೆ.

ಪೌಷ್ಟಿಕತೆಯೊಂದನ್ನೇ ನೋಡುವುದಾದರೆ ಮೊದಲ ಸ್ಥಾನ ಶೇಂಗಾ ಬಳ್ಳಿಗೆ ಸಲ್ಲಬೇಕು. ಎಲೆ ಉದುರದಂತೆ ನೆರಳಿನಲ್ಲಿ ಒಣಗಿಸಿದ ಬಳ್ಳಿಯಲ್ಲಿ ಶೇಕಡಾ 10ರ ಆಸುಪಾಸಿನಲ್ಲಿ ಪ್ರೋಟೀನ್ ಇರುತ್ತದೆ, ಜೋಳದ ಕಣಿಕೆಯಲ್ಲಾದರೋ ಅದು ಸಾಮಾನ್ಯವಾಗಿ 3ರಿಂದ 5ರಷ್ಟು ಮಾತ್ರ. ಬಳ್ಳಿ ಹಾಕಿದ ವಾರದಲ್ಲೇ ಹಾಲು ಏರುವುದನ್ನು ಕಂಡಿದ್ದೇನೆ. ಹಾಗಿದ್ದೂ ನಾನು ಅದನ್ನು ಮುಖ್ಯ ಮೇವಾಗಿ ಶಿಫಾರಸು ಮಾಡುವುದಿಲ್ಲ. ಮುಂಗಾರಿನ ಶೇಂಗಾ ಕೀಳುವ ಹೊತ್ತಿಗೆ ಮಳೆ ಹಿಡಿದರೆ ಬಣವೆಯ ಒಳಗೆ ಬೂದು ಬೂಷ್ಟು ಕಟ್ಟುತ್ತದೆ. ಅಂಥ ಬಳ್ಳಿಯಲ್ಲಿ, ಅದರಲ್ಲೂ ಅದಕ್ಕೆ ಅಂಟಿ ಉಳಿದ ಎಳೆಗಾಯಿಗಳಲ್ಲಿ, ಅಫ್ಲಾಟಾಕ್ಸಿನ್ ಎಂಬ ವಿಷ ಇರುವ ಸಾಧ್ಯತೆಯಿದ್ದು, ಅದರ ಒಂದು ಅಂಶ ಹಾಲಿಗೂ ಇಳಿಯುತ್ತದೆ. ಬಿಸಿಲಿಗೆ ಹಾಕಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಮಕ್ಕಳು ಕುಡಿಯುವ ಹಾಲಿನ ವಿಷಯದಲ್ಲಿ ಅಗ್ಗದ ಆಸೆಗೆ ಬೀಳಬಾರದು, ಮುಗ್ಗಲು ವಾಸನೆ ಬಂದ ಕಟ್ಟನ್ನು ಇಡಿಯಾಗಿ ತಿಪ್ಪೆಗೆ ಹಾಕಬೇಕು.

ಕಡಲೆ ಹೊಟ್ಟು ಅಗ್ಗ, ಆದರೆ ತೀರ ನುಣ್ಣನೆಯ ಪುಡಿ. ಒಣಗಿದ್ದನ್ನು ಹಾಗೆಯೇ ಸುರಿದರೆ ದೂಳೆದ್ದು ಆಡುಗಳು ಸೀನುತ್ತವೆ, ಮುಖ ತಿರುಗಿಸುತ್ತವೆ. ಉಪ್ಪುನೀರು ಚಿಮುಕಿಸಿ ತೊಗರಿ ಹೊಟ್ಟಿನೊಡನೆ ಮೂರರಲ್ಲಿ ಒಂದು ಪಾಲು ಬೆರೆಸಿದರೆ ತಕರಾರಿಲ್ಲದೆ ತಿನ್ನುತ್ತವೆ. ಅದನ್ನೊಂದನ್ನೇ ನೆಚ್ಚಿದರೆ ಹಾಲು ಇಳಿಯುತ್ತದೆ.

ಜೋಳದ ಕಣಿಕೆ ಎತ್ತು ಎಮ್ಮೆಗಳ ಮೇವು. ಕತ್ತರಿಸಿ ಕೊಟ್ಟರೂ ಹಾಲಿನ ಆಡು ಗರಿಯನ್ನಷ್ಟೇ ತಿಂದು ದಂಟನ್ನು ಬಿಡುತ್ತದೆ. ಹಾಲು ಬತ್ತಿದ ಆಡುಗಳಿಗೆ ಬೇಸಿಗೆಯಲ್ಲಿ ಹೊಟ್ಟೆ ತುಂಬಿಸಲು ಅಡ್ಡಿಯಿಲ್ಲ.

ಯಾವುದನ್ನೇ ಆರಿಸಿದರೂ ಒಂದು ಹೊಟ್ಟಿನಿಂದ ಇನ್ನೊಂದಕ್ಕೆ ಒಮ್ಮೆಲೇ ಹೊರಳಬಾರದು. ಹಳೆಯದರ ಪಾಲನ್ನು ಕಡಿಮೆ ಮಾಡುತ್ತ ಏಳರಿಂದ ಹತ್ತು ದಿನಗಳಲ್ಲಿ ಬದಲಿಸಿದರೆ ಆಡಿನ ಹೊಟ್ಟೆಯೊಳಗಿನ ಸೂಕ್ಷ್ಮಾಣುಗಳು ಹೊಸ ಮೇವಿಗೆ ಒಗ್ಗಿಕೊಳ್ಳುತ್ತವೆ. ಚುನಿಯನ್ನು ಹೆಚ್ಚಿಸುವಾಗ ಈ ನಿಯಮವನ್ನು ಇನ್ನೂ ಬಿಗಿಯಾಗಿ ಪಾಲಿಸಬೇಕು. ಹಿಕ್ಕೆ ಗಟ್ಟಿಯಾಗಿರದೆ ಮೆತ್ತಗಾದ ದಿನವೇ ಚುನಿಯನ್ನು ಅರ್ಧಕ್ಕೆ ಇಳಿಸಿ, ಗೋದಲಿಗೆ ಎಲೆಯ ಹೊಟ್ಟನ್ನೇ ಹೆಚ್ಚು ಹಾಕಬೇಕು.