ಕ್ಯಾಪ್ಸೂಲ್, ಸ್ಪ್ರೇ, ಆವಿ, ಗಮ್ಮಿ: ನಾನು ಬಳಸಿ ನೋಡಿದ ಟಿಎಚ್‌ಸಿ ರೂಪಗಳು

ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಇದೆ. ಕಾಲಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ರಾತ್ರಿ ಹೊತ್ತು ಇನ್ನೂ ಜಾಸ್ತಿ. ಮಾಮೂಲಿ ಮಾತ್ರೆಗಳಿಂದ ಅಷ್ಟು ಆರಾಮ ಸಿಗದಿದ್ದಾಗ ನರರೋಗದ ಡಾಕ್ಟರು ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿ ಎಂಬ ಅಂಶ ಇರುವ ಔಷಧಿ ಬರೆದುಕೊಟ್ಟರು. ನಾನಿರುವಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆ ಇದೆ. ಆಮೇಲೆ ಅದರ ಬೇರೆ ಬೇರೆ ರೂಪಗಳನ್ನೂ ನೋಡಿದೆ. ಈಗ ಯಾರಾದರೂ ‘ಟಿಎಚ್‌ಸಿ ನಿಜಕ್ಕೂ ಕೆಲಸ ಮಾಡುತ್ತಾ?’ ಎಂದು ಕೇಳಿದರೆ, ‘ಯಾವ ಟಿಎಚ್‌ಸಿ? ಹೇಗೆ ತಗೊಳ್ತೀರಿ?’ ಎಂದು ನಾನೇ ತಿರುಗಿ ಕೇಳುತ್ತೇನೆ. ಪೊಟ್ಟಣದ ಮೇಲಿನ ಮಿಲಿಗ್ರಾಂ ಅಂಕಿಯೊಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಗಾಂಜಾ ಗಿಡದ ಅಮಲಿಗೆ ಮುಖ್ಯ ಕಾರಣ ಡೆಲ್ಟಾ-9 ಟಿಎಚ್‌ಸಿ. ಇದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿ ಅದರ ರಚನೆ ಬಿಡಿಸಿದ್ದು 1964ರಲ್ಲಿ, ಇಸ್ರೇಲಿನ ರಾಫೆಲ್ ಮೆಕೂಲಂ ಮತ್ತು ಯೆಹಿಯೆಲ್ ಗವೋನಿ. ಮಿದುಳಿನ ಜೀವಕೋಶಗಳ ಮೇಲೆ ಇಂಥ ವಸ್ತುಗಳು ಬಂದು ಕೂರುವ ಸಿಬಿ-1 ಎಂಬ ಜಾಗಕ್ಕೆ (ರಿಸೆಪ್ಟರ್) ಇದು ಅಂಟಿಕೊಳ್ಳುತ್ತದೆ. ನೋವು ತಗ್ಗುವುದು, ಹಸಿವಾಗುವುದು, ತಲೆ ಹಗುರಾಗುವುದು, ಎದೆ ಹೊಡೆದುಕೊಳ್ಳುವುದು, ಕೆಲವರಿಗೆ ಭಯವಾಗುವುದು, ಎಲ್ಲಕ್ಕೂ ಇದೇ ಮೂಲ.

ನನಗೆ ಮೊದಲು ಸಿಕ್ಕಿದ್ದು ಡ್ರೊನಾಬಿನಾಲ್ ಕ್ಯಾಪ್ಸೂಲ್. ಲ್ಯಾಬಿನಲ್ಲಿ ತಯಾರಿಸಿದ ಡೆಲ್ಟಾ-9 ಅನ್ನು ಎಳ್ಳೆಣ್ಣೆಯಲ್ಲಿ ಕರಗಿಸಿ ತುಂಬಿದ ಪುಟ್ಟ ಗುಂಡು ಮಾತ್ರೆ ಇದು. ಎಳ್ಳು ಆಗದವರು ಮೊದಲೇ ಹೇಳಬೇಕು. 2.5, 5 ಮತ್ತು 10 ಮಿಲಿಗ್ರಾಂಗಳಲ್ಲಿ ಬರುತ್ತದೆ. ಅಮೆರಿಕದಲ್ಲಿ ಇದಕ್ಕೆ 1985ರಲ್ಲೇ ಒಪ್ಪಿಗೆ ಸಿಕ್ಕಿತ್ತು, ಕೀಮೋಥೆರಪಿಯ ವಾಂತಿ ತಡೆಯಲು. ಸ್ನಾಯುಗಳ ಬಿಗಿತಕ್ಕೆಂದು ಬಂದ ಔಷಧಿಯಲ್ಲ. ಆದರೂ ನೋಡೋಣ ಎಂದು ಡಾಕ್ಟರು 2.5ರಿಂದ ಶುರು ಮಾಡಿಸಿದರು.

ಇದರ ಗುಣ ಚೆನ್ನಾಗಿದೆ, ಸಮಯ ಮಾತ್ರ ಕೈಗೆ ಸಿಗುವುದಿಲ್ಲ. ನುಂಗಿದ ಟಿಎಚ್‌ಸಿ ಹೊಟ್ಟೆಯಿಂದ ನೇರ ಲಿವರಿಗೆ ಹೋಗುತ್ತದೆ. ಮೊದಲ ಸುತ್ತಿನಲ್ಲೇ ಲಿವರ್ ಅದರಲ್ಲಿ ಬಹುಪಾಲನ್ನು ಒಡೆದುಹಾಕುತ್ತದೆ. ನುಂಗಿದ್ದರಲ್ಲಿ 10ರಿಂದ 20 ಶೇಕಡಾ ಮಾತ್ರ ಹಾಗೇ ರಕ್ತಕ್ಕೆ ಸೇರುತ್ತದೆ. ಒಡೆದದ್ದೆಲ್ಲ ವ್ಯರ್ಥವೂ ಅಲ್ಲ. ಅದರಲ್ಲೊಂದು ಭಾಗ 11-ಹೈಡ್ರಾಕ್ಸಿ-ಟಿಎಚ್‌ಸಿ ಆಗುತ್ತದೆ. ಅದಕ್ಕೂ ಅಮಲಿದೆ, ಅದೂ ಮಿದುಳಿಗೆ ಸಲೀಸಾಗಿ ನುಗ್ಗುತ್ತದೆ. ಅದಕ್ಕೇ ನುಂಗಿದಾಗ ಬರುವ ಅನುಭವ ಸೇದಿದಾಗಿನಂತೆ ಇರುವುದಿಲ್ಲ. ಮೈ ಭಾರವಾಗುತ್ತದೆ, ನಿಧಾನವಾಗುತ್ತದೆ, ನಿದ್ದೆ ಎಳೆಯುತ್ತದೆ. ಶುರುವಾಗಲು ಅರ್ಧ ಗಂಟೆ ಸಾಕಾಗಬಹುದು, ಎರಡು ಗಂಟೆಯೂ ಬೇಕಾಗಬಹುದು. ಜಿಡ್ಡಿನ ಊಟದ ಮೇಲೆ ತಗೊಂಡರೆ ಇನ್ನೂ ತಡ, ಆದರೆ ಮೈಗೆ ಹತ್ತುವುದು ಜಾಸ್ತಿ. ಒಮ್ಮೆ ಶುರುವಾದರೆ ಆರೇಳು ಗಂಟೆ ಇರುತ್ತದೆ. ರಾತ್ರಿಯಿಡೀ ಕಾಲು ಸೆಳೆಯುವವರಿಗೆ ಈ ಉದ್ದವೇ ದೊಡ್ಡ ಉಪಕಾರ, ಅಲ್ವಾ? ಹಗಲಿಗೆ ಮಾತ್ರ ಇದು ಆಗದ ಮಾತು. ಬೆಳಿಗ್ಗೆ ಎದ್ದಾಗಲೂ ತಲೆ ಸ್ವಲ್ಪ ಮಂಜಾಗಿರುತ್ತಿತ್ತು.

ಡೆಲ್ಟಾ-9 ಬೆರೆಸಿದ ಜೆಲ್ಲಿಯಂಥ ತಿನಿಸು, ಅಂದರೆ ಗಮ್ಮಿಗಳ ಕಥೆಯೂ ಇದೇ, ಯಾಕೆಂದರೆ ಅವೂ ಹೊಟ್ಟೆಗೇ ಹೋಗುತ್ತವೆ. ಕೆನಡಾದಲ್ಲಿ ತಿನ್ನುವ ಉತ್ಪನ್ನದ ಒಂದು ಪೊಟ್ಟಣದಲ್ಲಿ 10 ಮಿಲಿಗ್ರಾಂ ಮೀರುವಂತಿಲ್ಲ. ಈ ನಿಯಮ ನನಗೆ ತುಂಬಾ ಸರಿ ಅನ್ನಿಸುತ್ತದೆ. ‘ಏನೂ ಆಗ್ಲಿಲ್ಲ’ ಎಂದು ಮುಕ್ಕಾಲು ಗಂಟೆಗೇ ಇನ್ನೊಂದು ಬಾಯಿಗೆ ಹಾಕಿಕೊಳ್ಳುವವರೇ ಜಾಸ್ತಿ. ಎರಡೂ ಒಟ್ಟಿಗೆ ಏರಿದಾಗ ಕಷ್ಟ. ನೋಡಲು ಮಿಠಾಯಿಯಂತೆಯೇ ಇರುವುದರಿಂದ ಮಕ್ಕಳಿರುವ ಮನೆಯಲ್ಲಿ ಬೀಗ ಹಾಕಿಯೇ ಇಡಬೇಕು. ಇದರಲ್ಲಿ ರಾಜಿ ಇಲ್ಲ.

ನನ್ನ ಮಟ್ಟಿಗೆ ಗೆದ್ದದ್ದು ಬಾಯಿಗೆ ಹೊಡೆದುಕೊಳ್ಳುವ ಸ್ಪ್ರೇ. ಅದರ ಔಷಧಿ ಹೆಸರು ನಾಬಿಕ್ಸಿಮಾಲ್ಸ್, ಅಂಗಡಿ ಹೆಸರು ಸಟಿವೆಕ್ಸ್. ಒಂದು ಸಲ ಒತ್ತಿದರೆ 2.7 ಮಿಲಿಗ್ರಾಂ ಟಿಎಚ್‌ಸಿ, 2.5 ಮಿಲಿಗ್ರಾಂ ಸಿಬಿಡಿ (ಗಾಂಜಾ ಗಿಡದ್ದೇ ಇನ್ನೊಂದು ಅಂಶ, ಅಮಲು ತರುವುದಿಲ್ಲ). ಗಿಡದಿಂದಲೇ ತೆಗೆದ ಸಾರ ಇದು. ಬಂದಿರುವುದೂ ನಮ್ಮ ಕಾಯಿಲೆಯ ಬಿಗಿತಕ್ಕೇ. ಬ್ರಿಟನ್ನಿನಲ್ಲಿ 2010ರಲ್ಲಿ ಒಪ್ಪಿಗೆ ಸಿಕ್ಕಿತು. ಒಂದು ಸ್ಪ್ರೇಗೂ ಇನ್ನೊಂದಕ್ಕೂ ಕನಿಷ್ಠ 15 ನಿಮಿಷ ಬಿಡಬೇಕು. ದಿನಕ್ಕೆ 12 ಮೀರಬಾರದು. ಮೊದಲ ಎರಡು ವಾರ ಒಂದೊಂದಾಗಿ ಏರಿಸುತ್ತಾ ನಮಗೆ ಎಷ್ಟು ಬೇಕು ಎಂದು ಕಂಡುಕೊಳ್ಳಬೇಕು. ಈ ನಿಧಾನವೇ ನನಗೆ ಇಷ್ಟವಾಯಿತು. ಕ್ಯಾಪ್ಸೂಲಿನಲ್ಲಿ ಒಂದು ಮೆಟ್ಟಿಲು ಹತ್ತಿದರೆ ಮಧ್ಯೆ ನಿಲ್ಲಲು ಜಾಗವಿಲ್ಲ. ಇಲ್ಲಿ ಸಂಜೆ ಎರಡು ಸ್ಪ್ರೇ ಸಾಕಾದರೆ ಎರಡೇ.

ಕಾಲು ಸಡಿಲವಾಗುವುದು ಗೊತ್ತಾಗುತ್ತದೆ. ಮೊಣಕಾಲು ಮಡಚಿದಾಗ ಆ ಗಟ್ಟಿತನ ಇರುವುದಿಲ್ಲ. ಅಮಲು ಇಲ್ಲವೇ ಇಲ್ಲ ಎನ್ನಲಾರೆ, ಮೊದಮೊದಲು ತಲೆ ತಿರುಗಿತು. ಇದರಲ್ಲಿ ಆಲ್ಕೋಹಾಲ್ ಮತ್ತು ಪುದೀನ ಎಣ್ಣೆ ಇರುವುದರಿಂದ ಬಾಯಿ ಉರಿಯುತ್ತದೆ. ಒಂದೇ ಕಡೆ ಹೊಡೆದುಕೊಂಡರೆ ಹುಣ್ಣಾಗಬಹುದು. ಒಮ್ಮೆ ನಾಲಿಗೆ ಕೆಳಗೆ, ಒಮ್ಮೆ ಕೆನ್ನೆಯ ಒಳಗೆ, ಹೀಗೆ ಜಾಗ ಬದಲಿಸಬೇಕು. ರುಚಿ ಮಾತ್ರ ಕೆಟ್ಟದಾಗಿದೆ. ಅದು ಅಭ್ಯಾಸವಾಗುವುದಿಲ್ಲ, ಸಹಿಸಿಕೊಳ್ಳಬೇಕು ಅಷ್ಟೇ. ಎಲ್ಲರಿಗೂ ಇದು ಕೆಲಸ ಮಾಡುವುದೂ ಇಲ್ಲ. ನಾಲ್ಕು ವಾರದಲ್ಲಿ ಗುಣ ಕಾಣದಿದ್ದರೆ ನಿಲ್ಲಿಸುತ್ತಾರೆ.

ಗಾಂಜಾ ಹೂವನ್ನು ಸುಡದೆ ಬಿಸಿ ಮಾಡಿ ಆವಿ ಎಳೆದುಕೊಳ್ಳುವುದು ಇನ್ನೊಂದು ದಾರಿ. ಇಲ್ಲಿ ಟಿಎಚ್‌ಸಿಎ ಬಗ್ಗೆ ಹೇಳಲೇಬೇಕು. ಹಸಿ ಗಿಡದಲ್ಲಿ ಟಿಎಚ್‌ಸಿ ಹೆಚ್ಚಾಗಿ ಈ ಆಮ್ಲದ ರೂಪದಲ್ಲೇ ಇರುತ್ತದೆ. ಅದಕ್ಕೆ ಅಮಲಿಲ್ಲ. ಬಿಸಿ ತಾಗಿದಾಗ ಅದರಿಂದ ಕಾರ್ಬನ್ ಡೈಆಕ್ಸೈಡ್ ಕಳಚಿಕೊಂಡು ಡೆಲ್ಟಾ-9 ಆಗುತ್ತದೆ. ಹೀಗೆ ಕಳಚಿದಾಗ ತೂಕವೂ ಇಳಿಯುತ್ತದೆ. ಲೆಕ್ಕ ಮಾಡಲು 0.877ರಿಂದ ಗುಣಿಸಬೇಕು. ಒಂದು ಗ್ರಾಂ ಹೂವಿನಲ್ಲಿ 200 ಮಿಲಿಗ್ರಾಂ ಟಿಎಚ್‌ಸಿಎ ಇದ್ದರೆ ಪೂರ್ತಿ ಬಿಸಿಯಾದ ಮೇಲೆ ಸುಮಾರು 175 ಮಿಲಿಗ್ರಾಂ ಟಿಎಚ್‌ಸಿ. ಹಾಗಾಗಿ ‘ಇದರಲ್ಲಿ ಟಿಎಚ್‌ಸಿ ಇಲ್ಲ, ಬರೀ ಟಿಎಚ್‌ಸಿಎ’ ಎಂದು ಹೂವು ಮಾರುವವರ ಮಾತು ನಂಬಬೇಡಿ. ಬೆಂಕಿ ತೋರಿಸಿದ ಮೇಲೆ ಎರಡಕ್ಕೂ ವ್ಯತ್ಯಾಸವೇ ಇರುವುದಿಲ್ಲ.

ಆವಿ ಕೆಲವೇ ನಿಮಿಷದಲ್ಲಿ ತಾಗುತ್ತದೆ. ಎರಡು ಮೂರು ಗಂಟೆಯಲ್ಲಿ ಇಳಿಯುತ್ತದೆ. ದಿಢೀರ್ ಸೆಳೆತ ಬಂದಾಗ ಇದರಷ್ಟು ಬೇಗ ಯಾವುದೂ ಕೆಲಸ ಮಾಡಲಿಲ್ಲ. ಆದರೆ ಏರುವುದು ತುಂಬಾ ಚುರುಕು. ಎದೆ ಬಡಿತ ನನಗೇ ಕೇಳಿಸುತ್ತಿತ್ತು. ಹೃದಯದ ತೊಂದರೆ ಇರುವವರು ಇದನ್ನು ಮುಟ್ಟದಿರುವುದೇ ಒಳ್ಳೆಯದು. ಆವಿ ಎಳೆಯುವ ಸಾಧನಕ್ಕೆ ಹಾಕುವ, ಟಿಎಚ್‌ಸಿ ಎಣ್ಣೆ ತುಂಬಿದ ಕಾರ್ಟ್ರಿಜ್‌ಗಳಿಗಂತೂ ನಾನು ಕೈ ಹಾಕುವುದಿಲ್ಲ. 2019ರಲ್ಲಿ ಅಮೆರಿಕದಲ್ಲಿ ಹೀಗೆ ಆವಿ ಎಳೆದು ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದವರ ನೆನಪಿರಬಹುದು. 2020ರ ಫೆಬ್ರವರಿ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿದ್ದರು ಅಥವಾ ಸತ್ತಿದ್ದರು. ಸತ್ತವರು 68. ಟಿಎಚ್‌ಸಿ ಎಣ್ಣೆಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಮೇಲೆ ದೊಡ್ಡ ಅನುಮಾನ ಬಿತ್ತು. ಅದರಲ್ಲಿ ಹೆಚ್ಚಿನವು ಕದ್ದುಮುಚ್ಚಿ ಮಾರಿದ ಮಾಲು.

ಟಿಎಚ್‌ಸಿಯದೇ ಇನ್ನೊಂದು ಬಗೆಯಾದ ಡೆಲ್ಟಾ-8 ಬಗ್ಗೆ ಜಾಸ್ತಿ ಜನ ಕೇಳುತ್ತಾರೆ. ಡೆಲ್ಟಾ-9ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅಣುವಿನಲ್ಲಿ ಒಂದು ಜೋಡಿಬಂಧ ಎಲ್ಲಿದೆ ಎನ್ನುವುದಷ್ಟೇ. ಅಮಲು ಕಡಿಮೆ. ಲ್ಯಾಬ್ ವರದಿ ಸರಿಯಾಗಿದ್ದ ಒಂದು ಗಮ್ಮಿಯನ್ನು ಡಾಕ್ಟರಿಗೆ ತಿಳಿಸಿಯೇ ತಗೊಂಡಿದ್ದೆ. ಮೆತ್ತಗಿತ್ತು, ಭಯ ಹುಟ್ಟಿಸಲಿಲ್ಲ, ಕಾಲಿನ ಬಿಗಿತಕ್ಕೂ ಅಂಥ ಪ್ರಯೋಜನ ಆಗಲಿಲ್ಲ. ನನಗೆ ತಕರಾರು ಇರುವುದು ಅದನ್ನು ತಯಾರಿಸುವ ಬಗ್ಗೆ. ಗಿಡದಲ್ಲಿ ಡೆಲ್ಟಾ-8 ಇರುವುದು ತೀರಾ ಅಲ್ಪ. ಮಾರಾಟಕ್ಕೆ ಬರುವುದರಲ್ಲಿ ಬಹುತೇಕ ಎಲ್ಲವೂ ಸಿಬಿಡಿಯನ್ನು ಆಮ್ಲದ ಜೊತೆ ಕುದಿಸಿ ಮಾಡಿದ್ದು. ಸರಿಯಾಗಿ ಶುದ್ಧ ಮಾಡದಿದ್ದರೆ ಆಮ್ಲ, ದ್ರಾವಕ, ಹೆಸರೇ ಇಲ್ಲದ ಉಪವಸ್ತುಗಳು ಒಳಗೇ ಉಳಿಯುತ್ತವೆ. ಇನ್ನೊಂದು ಅಂಗಡಿಯಿಂದ ತರಿಸಿದ ಡಬ್ಬಿಯ ಮೇಲೆ ಲ್ಯಾಬ್ ವರದಿಯ ಕೋಡ್ ಇತ್ತು. ತೆರೆದು ನೋಡಿದರೆ ಬೇರೆ ಬ್ಯಾಚಿನ ವರದಿ. ಅದರಲ್ಲೂ ದ್ರಾವಕದ ಪರೀಕ್ಷೆಯೇ ಇರಲಿಲ್ಲ. ಕೇಳಿದರೆ ಉತ್ತರ ಬರಲಿಲ್ಲ. ಡಬ್ಬಿ ಕಸಕ್ಕೆ ಹೋಯಿತು. ಕಾಯಿಲೆ ಇರುವವರಿಗೆ ಹೀಗೆ ಮಾರುವುದು ನನಗೆ ಸಿಟ್ಟು ತರಿಸುತ್ತದೆ.

ಡೆಲ್ಟಾ-10, ಎಚ್‌ಎಚ್‌ಸಿ ಕೂಡ ಇದೇ ಸಾಲಿನವು, ಮನುಷ್ಯರ ಮೇಲಿನ ಅಧ್ಯಯನ ಬಹಳ ಕಡಿಮೆ. ಟಿಎಚ್‌ಸಿವಿ ಎಂಬ ಇನ್ನೊಂದು ಬಗೆ ಬೇರೆ ಥರ. ಸಣ್ಣ ಪ್ರಮಾಣದಲ್ಲಿ ಅದು ಸಿಬಿ-1 ಅನ್ನು ಕೆಣಕುವ ಬದಲು ತಡೆಯುತ್ತದೆ. ಟಿಎಚ್‌ಸಿ-ಪಿ ಬಗ್ಗೆ ಮಾತ್ರ ಹುಷಾರು. 2019ರಲ್ಲಿ ಇಟಲಿಯ ಸಂಶೋಧಕರು ಗುರುತಿಸಿದ ಇದರ ಅಣುವಿನ ಬಾಲದಲ್ಲಿ ಐದರ ಬದಲು ಏಳು ಕಾರ್ಬನ್. ಲ್ಯಾಬಿನಲ್ಲಿ ಸಿಬಿ-1ಕ್ಕೆ ಡೆಲ್ಟಾ-9ಗಿಂತ ಸುಮಾರು 33 ಪಟ್ಟು ಬಿಗಿಯಾಗಿ ಅಂಟಿಕೊಂಡಿತು. 33 ಪಟ್ಟು ಅಮಲು ಎಂದು ಇದರ ಅರ್ಥವಲ್ಲ, ಆದರೆ ಡೆಲ್ಟಾ-9 ಲೆಕ್ಕದಲ್ಲಿ ಇದನ್ನು ಅಳೆದು ತಿನ್ನುವುದು ಅಪಾಯ. ಟಿಎಚ್‌ಸಿ-ಓ ಅಸಿಟೇಟ್ ಅಂತೂ ಬೇಡವೇ ಬೇಡ. ಅದನ್ನು ಬಿಸಿ ಮಾಡಿದಾಗ ಶ್ವಾಸಕೋಶ ಸುಡುವ ಕೀಟೀನ್ ಅನಿಲ ಹುಟ್ಟುವುದು ಲ್ಯಾಬ್ ಪರೀಕ್ಷೆಯಲ್ಲಿ ಕಂಡಿದೆ.

ಬಸುರಿ, ಬಾಣಂತಿಯರು, ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಇರುವವರು, ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಯಾವ ರೂಪವನ್ನೂ ಮುಟ್ಟಬಾರದು. ತಗೊಂಡ ಮೇಲೆ ಗಾಡಿ ಓಡಿಸಬಾರದು. ಉದ್ಯೋಗಕ್ಕೆ ಮೂತ್ರ ಪರೀಕ್ಷೆ ಇದ್ದರೆ ಡೆಲ್ಟಾ-8 ತಗೊಂಡವರೂ ಸಿಕ್ಕಿಬೀಳಬಹುದು, ಸಾಮಾನ್ಯ ಪರೀಕ್ಷೆಗೆ ಅದು ಬೇರೆ ಎಂದು ಗೊತ್ತಾಗುವುದಿಲ್ಲ. ಒಂದು ದೇಶದಲ್ಲಿ ಬರೆದುಕೊಟ್ಟ ಔಷಧಿ ಇನ್ನೊಂದು ದೇಶದಲ್ಲಿ ಅಪರಾಧವಾಗಬಹುದು. ಹಾಗಾಗಿ ಪ್ರಯಾಣಕ್ಕೆ ಮುಂಚೆ ಹೋಗುವ ದೇಶದ ರಾಯಭಾರ ಕಚೇರಿಗೆ ಬರೆದು ಕೇಳಿ, ಒಪ್ಪಿಗೆ ಕಾಗದದಲ್ಲಿ ಬಂದ ಮೇಲೆಯೇ ಸ್ಪ್ರೇ ಚೀಲಕ್ಕೆ ಹಾಕಿ.