ಕೋಬ್ರಾ ಪ್ರತಿಕೃತಿಯ ಮಾರಾಟ: ಶೋರೂಮ್, ನೇರ ವ್ಯವಹಾರ ಮತ್ತು ಆನ್‌ಲೈನ್ ಹರಾಜು

1960ರ ದಶಕದ ಅಸಲಿ ಶೆಲ್ಬಿ ಕೋಬ್ರಾ 427 ಕಾರಿನ ಬೆಲೆ ಇಂದು ಹತ್ತು ಲಕ್ಷ ಡಾಲರ್ ದಾಟಿರುವುದರಿಂದ, ಅಮೆರಿಕದ ರಸ್ತೆಗಳಲ್ಲಿ ಕಣ್ಣಿಗೆ ಬೀಳುವ ಕೋಬ್ರಾಗಳಲ್ಲಿ ಬಹುಪಾಲು ಪ್ರತಿಕೃತಿಗಳೇ. ಕ್ಯಾಲಿಫೋರ್ನಿಯಾದಲ್ಲಿ ನಾನು ಮಾರಿದ್ದೂ ಅಂಥದ್ದೇ: ಫ್ಯಾಕ್ಟರಿ ಫೈವ್ ಕಂಪನಿಯ ಮಾರ್ಕ್ 4 ಕಿಟ್‌ನಿಂದ, ಅಂದರೆ ಬಿಡಿಭಾಗಗಳ ಕಟ್ಟಿನಿಂದ, ಜೋಡಿಸಿ, ಫೋರ್ಡ್‌ನ 5.0 ಲೀಟರ್ ಕೊಯೋಟಿ ಎಂಜಿನ್, ಐದು ಗೇರ್, ಡಿಸ್ಕ್ ಬ್ರೇಕ್ ಮತ್ತು ಪವರ್ ಸ್ಟೀರಿಂಗ್ ಅಳವಡಿಸಿದ ತೆರೆದ ಕಾರು. ಅದನ್ನು ಮೊದಲು ಕಮಿಷನ್ ಪಡೆದು ಬೇರೆಯವರ ಕಾರು ಮಾರಿಕೊಡುವ ಶೋರೂಮಿನಲ್ಲಿ, ಆಮೇಲೆ ಇಂಥ ಕಾರುಗಳ ಮಾಲೀಕರ ಬಳಗದ ಮೂಲಕ ನೇರವಾಗಿ, ಕೊನೆಗೆ ಆನ್‌ಲೈನ್ ಹರಾಜಿನಲ್ಲಿ ಮಾರಾಟಕ್ಕಿಟ್ಟೆ.

ಶೋರೂಮಿನಲ್ಲಿ ನೆಮ್ಮದಿಯೇನೋ ಇದೆ; ಅಪರಿಚಿತರು ಮನೆಗೆ ಬರುವುದಿಲ್ಲ, ಕಾಗದಪತ್ರವನ್ನೆಲ್ಲ ಅವರೇ ನೋಡಿಕೊಳ್ಳುತ್ತಾರೆ. ಆದರೆ ಚಾಸಿಯ ವೆಲ್ಡಿಂಗ್, ವೈರಿಂಗ್ ಯಾರದು ಎಂದು ಗ್ರಾಹಕರು ಕೇಳಿದರೆ ಅಲ್ಲಿನ ಮಾರಾಟಗಾರನ ಬಳಿ ಉತ್ತರವಿರಲಿಲ್ಲ. ಕಾರ್ಖಾನೆಯಿಂದ ಬಂದ ಕಾರಿಗೆ ಕಂಪನಿಯ ಹೆಸರೇ ಸಾಕ್ಷಿ. ಕಿಟ್ ಕಾರಿಗೆ ಜೋಡಿಸಿದವನ ಮಾತು, ಖರೀದಿ ಬಿಲ್‌ಗಳು ಮತ್ತು ಫೋಟೋಗಳೇ ಆಧಾರ.

ನೇರ ವ್ಯವಹಾರದಲ್ಲಿ ಈ ತೊಡಕಿಲ್ಲ. ಬಂದವರು ಟಾರ್ಚ್ ಹಿಡಿದು ನೆಲಕ್ಕೆ ಬೆನ್ನು ಕೊಟ್ಟು ಮಲಗಿ, ಡ್ಯಾಶ್‌ಬೋರ್ಡಿನ ಕೆಳಗಿನ ವೈರುಗಳನ್ನು ಒಂದೊಂದಾಗಿ ಎಳೆದು ನೋಡಿದರು. ಆಧುನಿಕ ಸುಧಾರಣೆಗಳಿಗೆ ಎಲ್ಲರ ಲೆಕ್ಕದಲ್ಲೂ ಒಂದೇ ಬೆಲೆಯಿಲ್ಲ ಎಂಬುದು ನನಗೆ ಸ್ಪಷ್ಟವಾದದ್ದು ಇಲ್ಲಿಯೇ. ಕಾರ್ಬ್ಯುರೇಟರಿನ ಪೆಟ್ರೋಲ್ ವಾಸನೆ ಬಯಸುವವನಿಗೆ ಫ್ಯುಯೆಲ್ ಇಂಜೆಕ್ಷನ್ ಒಂದು ಕೊರತೆ. ಹೆಂಡತಿಯೊಡನೆ ದೂರ ಪ್ರಯಾಣ ಮಾಡುವವನಿಗೆ ಹೀಟರ್ ಮತ್ತು ಪವರ್ ಸ್ಟೀರಿಂಗ್‌ಗಳೇ ಖರೀದಿಗೆ ಕಾರಣ. ಬಳಗದವರಿಗೆ ಕಿಟ್ಟಿನ ಬೆಲೆ ಬಾಯಿಪಾಠವಾಗಿರುವುದರಿಂದ ಚೌಕಾಸಿಯೂ ಬಿಗಿ. ದುಡಿಮೆಗೆ ಬೆಲೆ ಕಟ್ಟಲು ಯಾರೂ ಸಿದ್ಧರಿಲ್ಲ. ಬರೀ ಒಂದು ಸುತ್ತು ಹೋಗಲು ಬರುವವರೂ ಕಡಿಮೆಯಿಲ್ಲ. ಚಡ್ಡಿ ತೊಟ್ಟು ಬಂದವರಿಗೆ, ಇಳಿಯುವಾಗ ಬಾಗಿಲ ಕೆಳಗಿನ ಸೈಲೆನ್ಸರ್ ಕೊಳವೆ ಮೀನಖಂಡವನ್ನು ಸುಡುತ್ತದೆಂದು ಮೊದಲೇ ಎಚ್ಚರಿಸಬೇಕು.

ಒಳ್ಳೆಯ ಬೆಲೆ ಸಿಕ್ಕಿದ್ದು ಹರಾಜಿನಲ್ಲಿ, ದುಡಿಮೆ ಬೇಡಿದ್ದೂ ಅದೇ. ತಣ್ಣಗಿರುವ ಎಂಜಿನ್ ಚಾಲೂ ಮಾಡುವ ವಿಡಿಯೊ, ಕಾರಿನ ಅಡಿಭಾಗದ ಚಿತ್ರಗಳು, ಬಣ್ಣದಲ್ಲಿನ ಚಿಕ್ಕ ಬಿರುಕು ಎಲ್ಲವನ್ನೂ ಮುಂದಿಟ್ಟು, ಪ್ರಶ್ನೆಗಳಿಗೆ ಅಂದಂದೇ ಉತ್ತರಿಸಬೇಕು. ಒಂದಕ್ಕೆ ಕೊಟ್ಟ ಉತ್ತರವನ್ನು ಎಲ್ಲ ಬಿಡ್ಡುದಾರರೂ ಓದುತ್ತಾರೆ, ಅದೇ ಇದರ ಬಲ. ಬ್ರಿಂಗ್ ಎ ಟ್ರೇಲರ್‌ನಂಥ ತಾಣಗಳಲ್ಲಿ ಶುಲ್ಕದ ದೊಡ್ಡ ಪಾಲನ್ನು ಕೊಳ್ಳುವವನು ಕೊಡುತ್ತಾನೆ. ಶೋರೂಮಿನ ಕಮಿಷನ್ ನಮ್ಮ ಕೈಗೆ ಬರುವ ಹಣದಿಂದಲೇ ಕಡಿತವಾಗುತ್ತದೆ.

ಮೂರೂ ಕಡೆ ಮೊದಲು ಬಂದ ಪ್ರಶ್ನೆ ನೋಂದಣಿಯದು. ಇಂಥ ಕಾರುಗಳಿಗೆ ಕ್ಯಾಲಿಫೋರ್ನಿಯಾ, ಎಸ್‌ಬಿ 100 ಎಂಬ ರಾಜ್ಯ ಕಾನೂನಿನಡಿ, ವರ್ಷಕ್ಕೆ 500 ಪ್ರಮಾಣಪತ್ರಗಳನ್ನಷ್ಟೇ ಕೊಡುತ್ತದೆ. ಅದಿದ್ದರೆ ಹೊಗೆ ತಪಾಸಣೆಯ ನಿಯಮಗಳನ್ನು ಕಾರಿನ ಹೊರಮೈ ಯಾವ ವರ್ಷದ ಮಾದರಿಯದೋ ಅದಕ್ಕೆ ತಕ್ಕಂತೆ ಅನ್ವಯಿಸಿಕೊಳ್ಳಬಹುದು. ಸ್ಥಳೀಯ ಖರೀದಿದಾರರಿಗೆ ಆ ಕಾಗದ ಎಂಜಿನ್ನಿನಷ್ಟೇ ಮುಖ್ಯ. ಕಿಟ್ ಕಾರನ್ನು 1965ರ ಅಸಲಿ ಕಾರೆಂದು ನೋಂದಾಯಿಸಿದ್ದರೆ ಯಾವ ದಾರಿ ಹಿಡಿದರೂ ಬಲ್ಲವರು ಹಿಂದೆ ಸರಿಯುತ್ತಾರೆ.

ಮತ್ತೊಂದು ಪ್ರತಿಕೃತಿ ಮಾರುವುದಾದರೆ ಮೊದಲೇ ಹರಾಜಿಗೆ ಹೋಗುತ್ತೇನೆ. ಬಿಡುವೇ ಇಲ್ಲದವರಿಗೆ ಮಾತ್ರ ಶೋರೂಮ್ ಸರಿ. ಹರಾಜಿನಲ್ಲಾಗಲಿ ನೇರ ವ್ಯವಹಾರದಲ್ಲಾಗಲಿ, ಹಣ ಖಾತೆಗೆ ಬಿದ್ದ ಮೇಲಷ್ಟೇ ಟೈಟಲ್‌ಗೆ (ಮಾಲೀಕತ್ವದ ಪತ್ರಕ್ಕೆ) ಸಹಿ ಹಾಕಿ, ಐದು ದಿನಗಳೊಳಗೆ ಮಾಲೀಕತ್ವ ವರ್ಗಾವಣೆಯನ್ನು ವಾಹನ ನೋಂದಣಿ ಇಲಾಖೆಯಾದ ಡಿಎಂವಿಗೆ ತಿಳಿಸುವ ಕೆಲಸ ನಮ್ಮದೇ.